ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ?

ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ನೀವು ಕಂಡವರಾಗಿದ್ದರೆ ಅದನ್ನು ವರ್ಣಿಸುವ ಅಗತ್ಯವಿಲ್ಲ. ಕಾಣದವರಿಗೆ ಒಂದೇ ಮಾತು ಸಾಕು: ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಸರ್ಕಾರದ ಗಡಿಯಾರವೇ ಬದಲಾಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಬೇಕೆಂದು ಬೇಸಿಗೆಯಲ್ಲಿ ಆದೇಶ ಹೊರಡುವುದು ಹಲವು ವರ್ಷಗಳ ರೂಢಿ. ಬಿಸಿಲನ್ನು ಬದಲಿಸಲಾಗದು, ಕೆಲಸದ ವೇಳೆಯನ್ನು ಬದಲಿಸಬಹುದು ಎಂಬ ಸರಳ ವಿವೇಕ ಇದು.

ಕೆಲವು ವರ್ಷಗಳ ಹಿಂದೆ ಅಂಥದೊಂದು ಮೇ ತಿಂಗಳಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಪೈಕಿ ಒಂದರಲ್ಲಿ, ಒಂದು ಕಚೇರಿಗೆ ಸ್ವಂತ ಕೆಲಸಕ್ಕಾಗಿ ಹೋಗಿದ್ದೆ. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ಹೊಸ ಕಟ್ಟಡ. ತೆರೆಯಲಾಗದ ಗಾಜಿನ ಕಿಟಕಿಗಳು. ಚಾವಣಿಯ ಕೆಳಗೆ ಇನ್ನೊಂದು ತೆಳು ಚಾವಣಿ, ಅದರಲ್ಲಿ ತಂಪುಗಾಳಿ ಬರುವ ಕಂಡಿಗಳು. ಗೋಡೆಯ ಮೇಲೆ ಅಂಗೈ ಅಗಲದ ಬಿಳಿ ಪೆಟ್ಟಿಗೆ, ಅದರ ಮುಖದಲ್ಲಿ ಅಂಕಿಗಳು. ನಾನು ಒಳಹೊಕ್ಕಾಗ ಬೆಳಿಗ್ಗೆ 8.15. ಪೆಟ್ಟಿಗೆ 33 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಸಿಬ್ಬಂದಿಯವರು ಕಡತಗಳನ್ನೇ ಬೀಸಣಿಗೆ ಮಾಡಿಕೊಂಡಿದ್ದರು. 9.30ಕ್ಕೆ ಯಂತ್ರ ತಾನಾಗಿಯೇ ಚಾಲೂ ಆಯಿತು. 11ರ ಹೊತ್ತಿಗೆ ಎಲ್ಲರಿಗೂ ಜೀವ ಬಂದಂತಾಯಿತು. 1.30ಕ್ಕೆ ಕಚೇರಿ ಮುಗಿಯಿತು. ಕನ್ನಡಕ ಮರೆತು ಬಂದಿದ್ದ ನಾನು 4 ಗಂಟೆಗೆ ಮತ್ತೆ ಹೋದರೆ, ಖಾಲಿ ಹಾಲ್ 23 ಡಿಗ್ರಿಯಲ್ಲಿ ತಣ್ಣಗೆ ಕುಳಿತಿತ್ತು. ಬಾಗಿಲು ತೆರೆದ ಕಾವಲುಗಾರ ಕೇಳಿದ: “ಸರ, ಮಂದಿ ಇದ್ದಾಗ ಕುದಿ, ಮಂದಿ ಹೋದ ಮ್ಯಾಲ ತಂಪ. ಈ ಮಷಿನ್ ಕೆಟ್ಟದೇನ್ರಿ?”

ಯಂತ್ರ ಕೆಟ್ಟಿರಲಿಲ್ಲ. ತನಗೆ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಅದರ ನೆನಪಿನಲ್ಲಿ ‘ಕಚೇರಿ: 10ರಿಂದ 5.30’ ಎಂದು ಬರೆದಿತ್ತು. ಬೇಸಿಗೆಯ ಆದೇಶದ ಪ್ರತಿ ಎಲ್ಲ ಶಾಖೆಗಳಿಗೂ ತಲುಪಿತ್ತು, ಗೋಡೆಯ ಮೇಲಿನ ಪೆಟ್ಟಿಗೆಗೆ ಮಾತ್ರ ತಲುಪಿರಲಿಲ್ಲ.

ಕಟ್ಟಡದ ಉಷ್ಣತೆಯನ್ನು ನೋಡಿಕೊಳ್ಳುವ ಯಂತ್ರ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದಿರಬೇಕು. ಕೋಣೆಯ ಉಷ್ಣತೆ ಎಷ್ಟಿದೆ? ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ? ಮೊದಲ ಪ್ರಶ್ನೆಯನ್ನು ಮನುಷ್ಯ ಸುಮಾರು 400 ವರ್ಷಗಳ ಹಿಂದೆಯೇ ಯಂತ್ರಕ್ಕೆ ಕಲಿಸಿದ. ಎರಡನೆಯದನ್ನು ಇನ್ನೂ ಕಲಿಸುತ್ತಲೇ ಇದ್ದಾನೆ.

ಮೊಟ್ಟೆಗಾಗಿ ಹುಟ್ಟಿದ ಉಪಕರಣ

ಡಚ್ಚರ ನಾಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಕಾರ್ನೆಲಿಸ್ ಡ್ರೆಬೆಲ್ (1572–1633) ಹಲವು ವಿದ್ಯೆಗಳ ಮನುಷ್ಯ. ನೀರಿನೊಳಗೆ ಚಲಿಸುವ ದೋಣಿಯನ್ನು ಥೇಮ್ಸ್ ನದಿಯಲ್ಲಿ ನಡೆಸಿ ತೋರಿಸಿದವನು ಇವನೇ. ಕೋಳಿಮೊಟ್ಟೆಗಳಿಗೆ ಕಾವು ಕೊಡಲು ಇವನು ಒಂದು ಕುಲುಮೆ ಮಾಡಿದ. ಅದರೊಳಗೆ ಮದ್ಯಸಾರ ತುಂಬಿದ ಗಾಜಿನ ಪಾತ್ರೆ, ಅದಕ್ಕೆ ಅಂಟಿದ ಕೊಳವೆಯಲ್ಲಿ ಪಾದರಸ. ಬಿಸಿ ಹೆಚ್ಚಾದರೆ ಮದ್ಯಸಾರ ವ್ಯಾಕೋಚಿಸಿ ಪಾದರಸವನ್ನು ಮೇಲಕ್ಕೆ ತಳ್ಳುತ್ತದೆ. ಪಾದರಸದ ಮೇಲೆ ತೇಲುವ ಸರಳು ಮೇಲೆದ್ದು ಕುಲುಮೆಯ ಗಾಳಿಕಂಡಿಯ ಮುಚ್ಚಳವನ್ನು ಮುಚ್ಚುತ್ತದೆ. ಗಾಳಿ ಕಡಿಮೆಯಾದಾಗ ಬೆಂಕಿ ತಗ್ಗುತ್ತದೆ, ಮದ್ಯಸಾರ ಕುಗ್ಗುತ್ತದೆ, ಮುಚ್ಚಳ ಮತ್ತೆ ತೆರೆಯುತ್ತದೆ. ಬೆಂಕಿಯ ಫಲವೇ ಬೆಂಕಿಯ ಕಾರಣವನ್ನು ಹಿಡಿತದಲ್ಲಿಡುವ ಈ ಏರ್ಪಾಟನ್ನು ಇಂದು ನಾವು ಹಿಮ್ಮಾಹಿತಿ ಎನ್ನುತ್ತೇವೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ಕೋಳಿಮೊಟ್ಟೆ 21 ದಿನ ಎಲ್ಲಿಗೂ ಹೋಗುವುದಿಲ್ಲ. ಹಗಲೂ ರಾತ್ರಿಯೂ ಅದಕ್ಕೆ ಬೇಕಾದುದು ಒಂದೇ ಉಷ್ಣತೆ, 37–38 ಡಿಗ್ರಿ. ಹಾಗಾಗಿ ‘ಒಳಗೆ ಯಾರಿದ್ದಾರೆ’ ಎಂಬ ಪ್ರಶ್ನೆ ಡ್ರೆಬೆಲ್‌ಗೆ ಬರಲೇ ಇಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಬೊನ್‌ಮ್ಯಾ ಬಿಸಿನೀರಿನ ಕೊಳವೆಗಳಿಂದ ಕಾವು ಕೊಡುವ ಇನ್ನೂ ಉತ್ತಮವಾದ ನಿಯಂತ್ರಕ ಮಾಡಿದ. ಅವನ ಗಿರಾಕಿಗಳೂ ಕೋಳಿಮರಿಗಳೇ! ಮನುಷ್ಯರ ಕೋಣೆಗೆ ಈ ಉಪಕರಣ ಬರಲು ಇನ್ನೂ ನೂರು ವರ್ಷ ಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಮುಖ್ಯವಾದ ಭಾಗವೊಂದು ಸಿದ್ಧವಾಗುತ್ತಿತ್ತು. ಹಡಗಿನ ಗಡಿಯಾರಗಳನ್ನು ಮಾಡಿ ಹೆಸರಾದ ಇಂಗ್ಲೆಂಡಿನ ಜಾನ್ ಹ್ಯಾರಿಸನ್‌ಗೆ 18ನೆಯ ಶತಮಾನದ ನಡುವಿನಲ್ಲಿ ಒಂದು ತೊಡಕು ಎದುರಾಗಿತ್ತು: ಸೆಕೆ ಹೆಚ್ಚಾದರೆ ಗಡಿಯಾರ ನಿಧಾನವಾಗುತ್ತದೆ. ಅವನು ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿದ. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ವ್ಯಾಕೋಚಿಸುವುದರಿಂದ ಬಿಸಿಯಾದ ಜೋಡಿಪಟ್ಟಿ ಬಾಗುತ್ತದೆ. ಆ ಬಾಗುವಿಕೆಯಿಂದ ಗಡಿಯಾರದ ತಪ್ಪನ್ನು ತಿದ್ದಬಹುದು. ಇದೇ ನಿಮ್ಮ ಪಠ್ಯಪುಸ್ತಕದ ದ್ವಿಲೋಹ ಪಟ್ಟಿ. 1830ರಲ್ಲಿ ಸ್ಕಾಟ್ಲೆಂಡಿನ ರಸಾಯನಜ್ಞ ಆಂಡ್ರ್ಯೂ ಯೂರ್ ಇದನ್ನು ಉಷ್ಣತೆಯ ನಿಯಂತ್ರಣಕ್ಕೆ ಬಳಸಿ ಪೇಟೆಂಟ್ ಪಡೆದ. ‘ಥರ್ಮೋಸ್ಟಾಟ್’ ಎಂಬ ಹೆಸರೂ ಅವನದೇ. ಗಡಿಯಾರಕ್ಕಾಗಿ ಹುಟ್ಟಿದ ಪಟ್ಟಿ ಉಷ್ಣತೆಯ ಸೇವೆಗೆ ಬಂದದ್ದು ಹೀಗೆ. ಮುಂದೆ ಗಡಿಯಾರವೇ ಅದನ್ನು ಹುಡುಕಿಕೊಂಡು ಬರಲಿತ್ತು.

ಮೇಷ್ಟರ ತಾಳ್ಮೆ ಕೆಟ್ಟಾಗ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ಶಿಕ್ಷಕರ ತರಬೇತಿ ಕಾಲೇಜೊಂದಿತ್ತು. ಅಲ್ಲಿ ಪಾಠ ಹೇಳುತ್ತಿದ್ದವರು ವಾರನ್ ಜಾನ್ಸನ್. ಚಳಿಗಾಲದಲ್ಲಿ ಕಟ್ಟಡದ ನೆಲಮಾಳಿಗೆಯಲ್ಲಿ ಬೆಂಕಿ ಹಾಕಿ ತರಗತಿಗಳನ್ನು ಬೆಚ್ಚಗಿಡುತ್ತಿದ್ದರು. ಯಾವ ಕೋಣೆ ಎಷ್ಟು ಬೆಚ್ಚಗಿದೆ ಎಂದು ನೋಡಲು ಜವಾನ ಪಾಠದ ನಡುವೆಯೇ ಬಾಗಿಲು ತೆರೆದು ಒಳಬರಬೇಕು, ಉಷ್ಣತಾಮಾಪಕ ನೋಡಬೇಕು, ಮತ್ತೆ ಕೆಳಗಿಳಿದು ಗಾಳಿಕಂಡಿಯನ್ನು ಸರಿಪಡಿಸಬೇಕು. ಪಾಠ ಹೇಳುವವರಿಗೆ ಇದೆಷ್ಟು ಕಿರಿಕಿರಿ ಎಂದು ನನಗೆ ಗೊತ್ತು. ನಮ್ಮಲ್ಲಿ ಸುತ್ತೋಲೆ ಹಿಡಿದು ಬರುತ್ತಾರೆ, ಅಷ್ಟೇ ವ್ಯತ್ಯಾಸ. ಜಾನ್ಸನ್ ಸುಮ್ಮನಿರದೆ, ಕೋಣೆಯ ಉಷ್ಣತೆ ಮಿತಿ ದಾಟಿದೊಡನೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವ ವಿದ್ಯುತ್ ಉಪಕರಣ ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. ಎರಡು ವರ್ಷಗಳಲ್ಲಿ ಕಂಪನಿಯನ್ನೂ ಕಟ್ಟಿದರು. 1895ರಲ್ಲಿ ಒತ್ತಿದ ಗಾಳಿಯ ಕೊಳವೆಗಳಿಂದ ಒಂದೊಂದು ಕೋಣೆಯ ಉಷ್ಣತೆಯನ್ನು ಬೇರೆಬೇರೆಯಾಗಿ ನಿಯಂತ್ರಿಸುವ ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು. ಸುಮಾರು 90 ವರ್ಷ ಕಾಲ ದೊಡ್ಡ ಕಟ್ಟಡಗಳು ಬಹುಮಟ್ಟಿಗೆ ಈ ಗಾಳಿಯ ಭಾಷೆಯಲ್ಲೇ ಮಾತನಾಡಿದವು.

ಜಾನ್ಸನ್‌ರ ಮೊದಲ ಉಪಕರಣದಲ್ಲಿ ಜವಾನನಿಗೆ ಇನ್ನೂ ಕೆಲಸವಿತ್ತು. ಗಂಟೆ ಬಾರಿಸಿದಾಗ, ಆ ತರಗತಿಯಲ್ಲಿ ಈಗ ಪಾಠ ಇದೆಯೇ ಇಲ್ಲವೇ ಎಂಬುದು ಅವನಿಗೆ ತಿಳಿದಿತ್ತು. ಭಾನುವಾರ ಗಂಟೆ ಬಾರಿಸಿದರೆ ಅವನು ಏಳಬೇಕಾಗಿರಲಿಲ್ಲ. 1885ರಲ್ಲಿ ಮಿನಿಯಾಪೊಲಿಸ್‌ನ ಆಲ್ಬರ್ಟ್ ಬುಟ್ಜ್ ಮನೆಯ ಕಲ್ಲಿದ್ದಲ ಕುಲುಮೆಗೆ ತಾನಾಗಿ ತೆರೆದು ಮುಚ್ಚುವ ಮುಚ್ಚಳವನ್ನು ಜೋಡಿಸಿದಾಗ ಜವಾನನ ಅಗತ್ಯ ತಪ್ಪಿತು. ಅವನೊಂದಿಗೆ ಅವನ ತಿಳಿವಳಿಕೆಯೂ ಹೊರಟುಹೋಯಿತು. ಈಗ ಯಂತ್ರ ಮನೆಯವರು ಮಲಗಿದ್ದರೂ, ಊರಿಗೆ ಹೋಗಿದ್ದರೂ ಒಂದೇ ಉಷ್ಣತೆಯನ್ನು ಕಾಯತೊಡಗಿತು, ಮೊಟ್ಟೆಗೆ ಕಾಯ್ದ ಹಾಗೆ.

ಆ ಕೊರತೆಯನ್ನು ತುಂಬಲು ಬಂದದ್ದು ಗಡಿಯಾರ. 20ನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದಲ್ಲಿ ಗಡಿಯಾರ ಜೋಡಿಸಿದ ಥರ್ಮೋಸ್ಟಾಟ್‌ಗಳು ಮಾರಾಟಕ್ಕೆ ಬಂದವು. ರಾತ್ರಿ ಉಷ್ಣತೆಯನ್ನು ತಗ್ಗಿಸು, ಬೆಳಗಿನ ಜಾವ ಮನೆಯವರು ಏಳುವ ಮೊದಲೇ ಏರಿಸು ಎಂದು ಅದಕ್ಕೆ ಹೇಳಿಡಬಹುದಿತ್ತು. ಒಳಗೆ ಜನರಿದ್ದಾರೆಯೇ ಎಂದು ಯಂತ್ರಕ್ಕೆ ತಿಳಿಯದು. ಆದರೆ ಎಷ್ಟು ಹೊತ್ತಿಗೆ ಇರುತ್ತಾರೆ ಎಂದು ಊಹಿಸಬಲ್ಲದು. ಕಾವಲುಗಾರ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಿದ್ದಿಬಿಡೋಣ. ‘ಒಮ್ಮೆ ಆರಿಸಿದರೆ ಮತ್ತೆ ತಂಪು ಮಾಡಲು ಹೆಚ್ಚು ವಿದ್ಯುತ್ ಬೇಕು, ಅದಕ್ಕಿಂತ ಓಡುತ್ತಿರಲಿ ಬಿಡಿ’ ಎನ್ನುವವರನ್ನು ನೀವು ನೋಡಿರಬಹುದು. ಕೆಳಗೆ ತೂತಿರುವ ಕೊಡವನ್ನು ನೆನೆಯಿರಿ. ನೀರಿನ ಮಟ್ಟ ಎತ್ತರವಿದ್ದಷ್ಟೂ ಸೋರಿಕೆ ಜಾಸ್ತಿ. ಇಡೀ ದಿನ ಕೊಡವನ್ನು ತುಂಬಿಯೇ ಇಡುವುದಕ್ಕಿಂತ, ಖಾಲಿಯಾಗಲು ಬಿಟ್ಟು ಬೇಕಾದಾಗ ತುಂಬಿದರೆ ಒಟ್ಟು ಸುರಿಯಬೇಕಾದ ನೀರು ಕಡಿಮೆ. ಉಷ್ಣವೂ ಹಾಗೆಯೇ, ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರ ಹೆಚ್ಚಿದ್ದಷ್ಟೂ ವೇಗವಾಗಿ ಹರಿಯುತ್ತದೆ. ಕೋಣೆ ಹೊರಗಿನಷ್ಟೇ ಬಿಸಿಯಾದ ಮೇಲೆ ಒಳಗೆ ಬರುವ ಉಷ್ಣ ನಿಂತೇಹೋಗುತ್ತದೆ.

ನಾಲ್ಕು ಸ್ಥಿತಿಗಳು

ಇದುವರೆಗಿನ ಕಥೆಯೆಲ್ಲ ಚಳಿಯ ನಾಡಿನದು, ಬೆಚ್ಚಗಾಗುವ ಕಥೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯದ ಗಾಳಿಯ ತೇವವನ್ನು ಹಿಡಿತಕ್ಕೆ ತರುವ ಯಂತ್ರ ರೂಪಿಸಿದಾಗ ತಂಪಿನ ಕಥೆ ಶುರುವಾಯಿತು. ಅಲ್ಲಿಯೂ ಉದ್ದೇಶ ಮನುಷ್ಯರ ಸುಖವಲ್ಲ: ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಮುದ್ರಣ ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಮೊಟ್ಟೆ, ಕಾಗದ, ಆಮೇಲೆ ಮನುಷ್ಯ, ಸರದಿ ಹೀಗಿದೆ.

ಕ್ರಮೇಣ ಕಿಟಕಿ ತೆರೆಯದ ಗಾಜಿನ ಕಟ್ಟಡಗಳು ಎದ್ದವು. ಎಣ್ಣೆ ಅಗ್ಗವಿದ್ದುದರಿಂದ ಖಾಲಿ ಕೋಣೆಗಳ ಚಿಂತೆ ಯಾರಿಗೂ ಇರಲಿಲ್ಲ. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದಾಗ ಎಲ್ಲರಿಗೂ ಎಚ್ಚರವಾಯಿತು. 1979ರಲ್ಲಿ ಅಮೆರಿಕದ ಸರ್ಕಾರ ಕಚೇರಿಗಳನ್ನು ಬೇಸಿಗೆಯಲ್ಲಿ 78 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 25.6 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪು ಮಾಡಬಾರದೆಂದು ನಿಯಮ ಮಾಡಿತು. 1981ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಮೈಕ್ರೊಪ್ರೊಸೆಸರ್ ಅಗ್ಗವಾಗಿತ್ತು. ಗಾಳಿಕೊಳವೆಗಳ ಜಾಗಕ್ಕೆ ತಂತಿಗಳು, ದ್ವಿಲೋಹ ಪಟ್ಟಿಯ ಜಾಗಕ್ಕೆ ಉಷ್ಣತೆಗೆ ತಕ್ಕಂತೆ ರೋಧ ಬದಲಿಸುವ ಅರೆವಾಹಕದ ಮಣಿ ಬಂದವು.

ಬೇರೆಬೇರೆ ಕಂಪನಿಗಳ ಪೆಟ್ಟಿಗೆಗಳು ಪರಸ್ಪರ ಮಾತಾಡಬೇಕಾದರೆ ಒಂದೇ ಭಾಷೆ ಬೇಕು. 1995ರಲ್ಲಿ ಪ್ರಕಟವಾದ ‘ಬ್ಯಾಕ್‌ನೆಟ್’ ಅಂಥ ಒಂದು ಮಾನಕ. ಅದೇ ದಶಕದ ‘ಲಾನ್‌ಮಾರ್ಕ್’ ಇನ್ನೊಂದು. ಇವುಗಳ ದೆಸೆಯಿಂದ ಕೋಣೆಯ ಸ್ಥಿತಿಯನ್ನು ಹೇಳಲು ನಿರ್ದಿಷ್ಟ ಪದಗಳು ನೆಲೆಗೊಂಡವು. ಲಾನ್‌ಮಾರ್ಕ್‌ನಲ್ಲಿ ಇಂಥ ಸ್ಥಿತಿಗಳು ನಾಲ್ಕು. ‘ಬಳಕೆ’ ಎಂದರೆ ಜನರಿದ್ದಾರೆ. ‘ಖಾಲಿ’ ಎಂದರೆ ವೇಳಾಪಟ್ಟಿಯ ಪ್ರಕಾರ ಕಟ್ಟಡ ಮುಚ್ಚಿದೆ. ಇವೆರಡರ ನಡುವೆ ‘ಕಾಯುವಿಕೆ’: ಕಚೇರಿಯ ವೇಳೆಯೇ ಹೌದು, ಆದರೆ ಈ ಕೋಣೆಯಲ್ಲಿ ಸದ್ಯಕ್ಕೆ ಯಾರೂ ಇಲ್ಲ, ಉಷ್ಣತೆ ಒಂದೆರಡು ಡಿಗ್ರಿ ಆಚೀಚೆ ಜಾರಲಿ, ಯಾರಾದರೂ ಬಂದರೆ ಬೇಗ ಸರಿಪಡಿಸೋಣ ಎಂಬ ನಿಲುವು. ನಾಲ್ಕನೆಯದು ‘ತಾತ್ಕಾಲಿಕ ಬಳಕೆ’: ಕಚೇರಿ ಮುಗಿದ ಮೇಲೂ ಕೆಲಸಕ್ಕೆ ಕುಳಿತವರು ಗೋಡೆಯ ಗುಂಡಿ ಒತ್ತಿದರೆ ಗಂಟೆ ಎರಡು ಗಂಟೆ ‘ಬಳಕೆ’ಯಂತೆಯೇ ನಡೆದು ತಾನಾಗಿ ‘ಖಾಲಿ’ಗೆ ಮರಳುತ್ತದೆ.

ಒಂದೊಂದು ಸ್ಥಿತಿಗೂ ಬೇರೆ ಬೇರೆ ಗುರಿ ಉಷ್ಣತೆ. ಲಾನ್‌ಮಾರ್ಕ್‌ನ ನಿಯಂತ್ರಕಗಳಿಗೆ ರೂಢಿಯ ಅಂಕಿಗಳು ಹೀಗಿವೆ: ತಂಪು ಮಾಡಲು ಬಳಕೆಯಲ್ಲಿ 23 ಡಿಗ್ರಿ, ಕಾಯುವಿಕೆಯಲ್ಲಿ 25, ಖಾಲಿಯಲ್ಲಿ 28, ಬಿಸಿ ಮಾಡಲು ಕ್ರಮವಾಗಿ 21, 19, 16. ಬಳಕೆಯಲ್ಲಿ 21ರಿಂದ 23ರವರೆಗೆ ಯಂತ್ರ ಏನನ್ನೂ ಮಾಡುವುದಿಲ್ಲ. ಈ ‘ಸುಮ್ಮನಿರುವ ಪಟ್ಟಿ’ ಇಲ್ಲದಿದ್ದರೆ ಒಮ್ಮೆ ಬಿಸಿ ಒಮ್ಮೆ ತಂಪು ಎಂದು ಯಂತ್ರ ತನ್ನೊಂದಿಗೆ ತಾನೇ ಜಗಳವಾಡುತ್ತದೆ. ಜನರಿಲ್ಲದಂತೆಲ್ಲ ಪಟ್ಟಿ ಅಗಲವಾಗುವುದನ್ನು ಗಮನಿಸಿ: ಎರಡು ಡಿಗ್ರಿ, ಆರು ಡಿಗ್ರಿ, ಹನ್ನೆರಡು ಡಿಗ್ರಿ.

ಇನ್ನೊಂದು ಜಾಣತನವೂ ಇದೆ. ಹತ್ತು ಗಂಟೆಗೆ ಜನ ಬರುತ್ತಾರೆಂದಾದರೆ ಹತ್ತು ಗಂಟೆಗೆ ಶುರು ಮಾಡಿದರೆ ಸಾಲದು. ನಿನ್ನೆ ಈ ಕೋಣೆ ಒಂದು ಡಿಗ್ರಿ ತಣಿಯಲು ಎಷ್ಟು ನಿಮಿಷ ಹಿಡಿಯಿತು ಎಂದು ನೆನಪಿಟ್ಟು, ಇಂದು ಎಷ್ಟು ಮೊದಲು ಏಳಬೇಕೆಂದು ಯಂತ್ರ ಲೆಕ್ಕ ಹಾಕುತ್ತದೆ. ನಾನು ನೋಡಿದ ಕಚೇರಿಯಲ್ಲಿ ಯಂತ್ರ 9.30ಕ್ಕೆ ಎದ್ದದ್ದು ಇದರಿಂದ. ಪಾಪ, ಹತ್ತು ಗಂಟೆಗೆ ಬರುವವರಿಗಾಗಿ ಅದು ಅರ್ಧ ಗಂಟೆ ಮುಂಚಿತವಾಗಿ ಸಿದ್ಧತೆ ನಡೆಸಿತ್ತು!

ಮಾಳಿಗೆ ಮನೆಯ ಲೆಕ್ಕ

ಈ ಯಂತ್ರಗಳು ಬರುವ ಮೊದಲು ಭೀಮಾ ತೀರದ ಜನ ಏನು ಮಾಡುತ್ತಿದ್ದರು? ದೊರೆಗಳ ಮಾತು ಬೇರೆ. ಕಲಬುರಗಿ ಮತ್ತು ಜೇವರ್ಗಿಗಳ ನಡುವೆ, ಭೀಮಾ ದಂಡೆಯ ಮೇಲೆ, ಫಿರೋಜ್ ಷಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಫಿರೋಜಾಬಾದಿನ ಅವಶೇಷಗಳಲ್ಲಿ ಗುಮ್ಮಟದ ಸ್ನಾನಗೃಹಗಳನ್ನು ಇಂದಿಗೂ ನೋಡಬಹುದು. ವಿಜಯಪುರದ ಬಳಿಯ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಕಾರಂಜಿಗಳಿಂದ ತಂಪಾಗುವ ಬೇಸಿಗೆ ಮಂಟಪಗಳನ್ನೇ ಕಟ್ಟಿಸಿದರು. ನನಗೆ ಕುತೂಹಲ ಸಾಮಾನ್ಯರ ಮನೆಯ ಬಗ್ಗೆ.

ಆಳಂದ, ಅಫಜಲಪುರದ ಕಡೆ ಕರಿಕಲ್ಲು, ಜೇವರ್ಗಿಯ ಕಡೆ ಹಾಸುಗಲ್ಲೂ ಸಿಗುತ್ತದೆ. ಹಳೆಯ ಮನೆಗಳ ಗೋಡೆ ಕಲ್ಲು ಮಣ್ಣಿನದು, ಒಂದು ಮೊಳಕ್ಕೆ ಕಡಿಮೆಯಿಲ್ಲದ ದಪ್ಪ. ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಬೆಳಕಿಂಡಿ ಬಿಟ್ಟರೆ ಕಿಟಕಿಗಳು ಕಡಿಮೆ. ಹೊರಗಿನ ಬಿಸಿ ಇಂಥ ಗೋಡೆಯೊಳಗೆ ಒಂದು ಅಲೆಯಂತೆ ನಿಧಾನವಾಗಿ ಸಾಗುತ್ತದೆ. ಹಗಲು ರಾತ್ರಿಗಳ 24 ಗಂಟೆಯ ಏರಿಳಿತಕ್ಕೆ ಲೆಕ್ಕ ಹಾಕಿದರೆ, ಮಣ್ಣಿನಲ್ಲಿ ಸುಮಾರು 12 ಸೆಂಟಿಮೀಟರ್ ಸಾಗುವಷ್ಟರಲ್ಲಿ ಅಲೆಯ ಎತ್ತರ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಸುಮಾರು ನಾಲ್ಕು ಗಂಟೆ ತಡವೂ ಆಗುತ್ತದೆ. ಒಂದು ಮೊಳದ ಗೋಡೆ ದಾಟುವಾಗ ತಡ ಹನ್ನೆರಡು ಗಂಟೆಯ ಆಸುಪಾಸು. ಅಲೆಯಲ್ಲಿ ಉಳಿಯುವುದು ಅತ್ಯಲ್ಪ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು ಒಳಮುಖಕ್ಕೆ ಬಂದು ಮುಟ್ಟುವುದು ನಡುರಾತ್ರಿ ಕಳೆದ ಮೇಲೆ.

ಆಗ ಮನೆಯವರೆಲ್ಲಿ? ಮಾಳಿಗೆಯ ಮೇಲೆ, ಆಕಾಶದ ಕೆಳಗೆ. ಹಗಲೆಲ್ಲ ಒಳಗೆ, ರಾತ್ರಿ ಹೊರಗೆ. ಗೋಡೆ ಬಿಸಿ ಉಗುಳುವ ಹೊತ್ತಿಗೆ ಕೋಣೆ ಖಾಲಿ! ನಮ್ಮ ನಾಲ್ಕು ಸ್ಥಿತಿಗಳ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಯಂತ್ರ ಜನರನ್ನು ಹಿಂಬಾಲಿಸಲಿಲ್ಲ. ಜನರೇ ಉಷ್ಣತೆಯನ್ನು ಹಿಂಬಾಲಿಸಿ ಕೋಣೆಯಿಂದ ಕೋಣೆಗೆ, ಪಡಸಾಲೆಯಿಂದ ಮಾಳಿಗೆಗೆ ನಡೆದರು. ವೇಳಾಪಟ್ಟಿ ಹಿರಿಯರ ತಲೆಯಲ್ಲಿತ್ತು. ಬೆಳಿಗ್ಗೆ ಬಿಸಿಲೇರುವ ಮೊದಲು ಬಾಗಿಲು ಮುಚ್ಚು, ಸಂಜೆ ತೆರೆ ಎಂದು ಕೂಗಿ ಹೇಳುತ್ತಿದ್ದ ನನ್ನ ಅಜ್ಜಿಗಿಂತ ಕಟ್ಟುನಿಟ್ಟಿನ ನಿಯಂತ್ರಕವನ್ನು ನಾನಂತೂ ಕಂಡಿಲ್ಲ. ಹಳೆಯ ಮನೆಗಳನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಕತ್ತಲೆ, ಹೊಗೆ, ಮಳೆಗಾಲದ ಸೋರಿಕೆ, ಮಾಳಿಗೆ ಕುಸಿದ ಸುದ್ದಿ, ಎಲ್ಲವೂ ಅವುಗಳೊಂದಿಗಿದ್ದವು. ಹೆಂಗಸರಿಗೆ ಮಧ್ಯಾಹ್ನದ ಒಲೆಯ ಮುಂದಿನ ಬಿಸಿ ತಪ್ಪುತ್ತಿರಲಿಲ್ಲ.

ಈಗ ಬಹುಪಾಲು ಮನೆಗಳದು 10–12 ಸೆಂಟಿಮೀಟರ್ ಕಾಂಕ್ರೀಟ್ ಚಾವಣಿ. ಅದೇ ಲೆಕ್ಕ ಹಾಕಿದರೆ ತಡ ಬರೀ ಮೂರು ಗಂಟೆ; ಅಲೆಯ ಎತ್ತರದಲ್ಲಿ ಅರ್ಧದಷ್ಟು ಒಳಗೇ ಬರುತ್ತದೆ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಚಾವಣಿ ಕಾದ ಹೆಂಚು. ತಗಡಿನ ಮನೆಗೆ ತಡವೆಂಬುದೇ ಇಲ್ಲ. ಹಾಗಾಗಿ ಕೂಲರ್ ಬಂತು, ಅನುಕೂಲವಿದ್ದವರಿಗೆ ಎ.ಸಿ. ಬಂತು. ಬಂದದ್ದು ತಪ್ಪಲ್ಲ, 42 ಡಿಗ್ರಿಯಲ್ಲಿ ಹಸುಗೂಸಿಗೂ ಮುದುಕರಿಗೂ ಅದು ಪ್ರಾಣದ ಪ್ರಶ್ನೆ. ಬಂದ ಯಂತ್ರದೊಳಗಿನ ಅಂಕಿಗಳು ಯಾವ ಊರಿನವು ಎಂಬುದನ್ನು ಮಾತ್ರ ಕೇಳಬೇಕು.

ಅಂಕಿಗಳ ತವರೂರು

ಮೇಲೆ ಹೇಳಿದ ‘ಖಾಲಿ’ ಸ್ಥಿತಿಯ 28ನ್ನು ತೆಗೆದುಕೊಳ್ಳಿ. ಮಿನಿಯಾಪೊಲಿಸ್‌ನಲ್ಲಿ ಕಚೇರಿ ಮುಚ್ಚಿದ ಮೇಲೆ ಒಳಗಿನ ಉಷ್ಣತೆ 28 ದಾಟುವ ರಾತ್ರಿಗಳು ಕಡಿಮೆ. ಹಾಗಾಗಿ ಅಲ್ಲಿ ಈ ಅಂಕಿಯ ಅರ್ಥ ‘ಯಂತ್ರ ಆರಿರಲಿ’ ಎಂದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗಿನ ಕನಿಷ್ಠ ಉಷ್ಣತೆಯೇ 26–27 ಡಿಗ್ರಿಯ ಆಸುಪಾಸು, ಅದೂ ಬೆಳಗಿನ ಜಾವ. ಹಗಲೆಲ್ಲ ಕಾದ, ಕಿಟಕಿ ತೆರೆಯದ ಕಟ್ಟಡದೊಳಗೆ ರಾತ್ರಿ 33–34 ಇರುವುದು ಸಾಮಾನ್ಯ. ಅಲ್ಲಿ ಅದೇ 28ರ ಅರ್ಥ ‘ರಾತ್ರಿಯಿಡೀ ಓಡು’ ಎಂದು! ಖಾಲಿ ಎಂದು ತಿಳಿದೂ ಯಂತ್ರ ಖಾಲಿ ಕುರ್ಚಿಗಳನ್ನು ತಣಿಸುತ್ತದೆ. ಆ ಅಂಕಿಯನ್ನು ಯಾರೋ ಮೊದಲೇ ತೆಗೆದುಹಾಕಿದ್ದರಿಂದ ನಾನು ನೋಡಿದ ಕಚೇರಿ ಬೆಳಿಗ್ಗೆ 33ರಲ್ಲಿತ್ತು. ಹಾಗೆಯೇ ಬಿಟ್ಟ ಕಟ್ಟಡಗಳನ್ನೂ ನಾನು ಕಂಡಿದ್ದೇನೆ. ವಿದ್ಯುತ್ ಬಿಲ್ಲು ಬಂದಾಗ ‘ರಾತ್ರಿ ಯಾರೂ ಇರುವುದಿಲ್ಲವಲ್ಲ’ ಎಂದು ಅಚ್ಚರಿಪಡುವವರಿಗೆ ಕಾರಣ ಗೋಡೆಯ ಪೆಟ್ಟಿಗೆಯಲ್ಲಿರುತ್ತದೆ.

ಗಡಿಯಾರವನ್ನು ನಂಬುವುದರ ಬದಲು ಜನರನ್ನು ನೇರವಾಗಿ ನೋಡಬಾರದೇ? ಅದಕ್ಕೂ ಉಪಕರಣವಿದೆ. ನಮ್ಮ ಚರ್ಮ ಸುಮಾರು 34 ಡಿಗ್ರಿಯಲ್ಲಿದ್ದು 9–10 ಮೈಕ್ರೊಮೀಟರ್ ತರಂಗಾಂತರದ ಸುತ್ತ ಅವಕೆಂಪು ವಿಕಿರಣವನ್ನು ಹೆಚ್ಚಾಗಿ ಹೊರಸೂಸುತ್ತದೆ. ಚಾವಣಿಯಲ್ಲಿ ಅಂಟಿಸಿದ ಸಂವೇದಕ ಈ ವಿಕಿರಣದ ಬದಲಾವಣೆಯನ್ನು ಹಿಡಿದು ‘ಯಾರೋ ಓಡಾಡಿದರು’ ಎನ್ನುತ್ತದೆ. ಎರಡು ತೊಡಕುಗಳಿವೆ. ಓಡಾಡದೆ ಕುಳಿತು ಓದುವವನು ಅದರ ಪಾಲಿಗೆ ಇಲ್ಲವೇ ಇಲ್ಲ. ಗ್ರಂಥಾಲಯದಲ್ಲಿ ಕೈ ಬೀಸಿ ದೀಪ ಹೊತ್ತಿಸಿಕೊಳ್ಳುವವರನ್ನು ನೀವು ನೋಡಿರಬಹುದು. ಎರಡನೆಯದು ನಮ್ಮ ಸೀಮೆಗೇ ವಿಶೇಷ. ಸಂವೇದಕ ಅಳೆಯುವುದು ಮೈಗೂ ಹಿಂದಿನ ಗೋಡೆಗೂ ಇರುವ ಅಂತರವನ್ನು. ಯಂತ್ರ ಆರಿರುವ ಕೋಣೆಯಲ್ಲಿ ಗೋಡೆಯೂ 34–35 ಡಿಗ್ರಿಗೆ ಬಂದಿದ್ದರೆ ಮನುಷ್ಯ ಗೋಡೆಯಲ್ಲಿ ಕರಗಿಹೋಗುತ್ತಾನೆ. ತಂಪು ಅತ್ಯಗತ್ಯವಾದ ಹೊತ್ತಿನಲ್ಲೇ ಯಂತ್ರಕ್ಕೆ ಅವನು ಕಾಣಿಸುವುದು ಕಷ್ಟ. ಇದಕ್ಕೆ ಪರ್ಯಾಯವಾಗಿ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಅಳೆಯುತ್ತಾರೆ. ಹೊರಗೆ ಹತ್ತು ಲಕ್ಷದಲ್ಲಿ 420 ಭಾಗದಷ್ಟಿರುವುದು ತುಂಬಿದ ಮುಚ್ಚಿದ ಕೋಣೆಯಲ್ಲಿ 1000 ದಾಟುತ್ತದೆ. ಉಸಿರಾಡುವವರನ್ನು ಬಚ್ಚಿಡಲಾಗದು, ಆದರೆ ಅಂಕಿ ಏರಲು ಸಮಯ ಹಿಡಿಯುತ್ತದೆ.

ಇನ್ನು ಆ 23. ಡೆನ್ಮಾರ್ಕಿನ ಓಲೆ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಸಮೀಕರಣ ಮೈಯಿಂದ ಉಷ್ಣ ಹೊರಹೋಗುವ ಎಲ್ಲ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಭೌತಶಾಸ್ತ್ರವಾಗಿ ಅದು ಸುಂದರ. ಅದಕ್ಕೆ ಆಧಾರವಾದವರು ಮಾತ್ರ ಹೆಚ್ಚಾಗಿ ಅಮೆರಿಕ, ಡೆನ್ಮಾರ್ಕ್‌ಗಳ ಕಾಲೇಜು ವಿದ್ಯಾರ್ಥಿಗಳು, ಪ್ರಯೋಗದ ಕೋಣೆಯಲ್ಲಿ ಕುಳಿತವರು. 1974ರಲ್ಲಿ ಇಂಗ್ಲೆಂಡಿನ ಫರ್ಗಸ್ ನಿಕೋಲ್ ನಮ್ಮ ರೂರ್ಕಿ ಮತ್ತು ಇರಾಕಿನ ಬಾಗ್ದಾದಿನ ಜನರಿಂದ ಸಂಗ್ರಹಿಸಿದ್ದ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಂಡಿತು: ಗಾಳಿಯಾಡುತ್ತಿದ್ದರೆ 30 ಡಿಗ್ರಿಗೂ ಮೇಲೆ ಅವರು ಹಿತವಾಗಿಯೇ ಇದ್ದರು. 1986ರಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಶರ್ಮಾ ಮತ್ತು ಅಲಿ ನಮ್ಮ ಬೇಸಿಗೆಗೆಂದೇ ಒಂದು ಸೂಚ್ಯಂಕ ರಚಿಸಿ, ಅದರಲ್ಲಿ 25ರಿಂದ 30ರವರೆಗಿನ ವ್ಯಾಪ್ತಿ ಹಿತಕರ, 27.5 ಅತ್ಯುತ್ತಮ ಎಂದರು. ಬೆಂಗಳೂರೂ ಸೇರಿದಂತೆ ಐದು ನಗರಗಳ ಕಚೇರಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆಗಳನ್ನು ಸಂಗ್ರಹಿಸಿ 2014ರಲ್ಲಿ ಅಹಮದಾಬಾದಿನ ಸಂಶೋಧಕರು ಮುಂದಿಟ್ಟ ಭಾರತೀಯ ಮಾದರಿಯೂ ಇದೇ ದಾರಿಯದು. ಕಿಟಕಿ ತೆರೆದ ಕಟ್ಟಡಗಳಲ್ಲಿ ಹೊರಗಿನ ತಿಂಗಳ ಸರಾಸರಿ ಏರಿದಂತೆ ಜನ ಒಪ್ಪುವ ಉಷ್ಣತೆಯೂ 19.6ರಿಂದ 28.5 ಡಿಗ್ರಿಯವರೆಗೆ ಏರುತ್ತದೆ ಎಂದು ಅದು ತೋರಿಸಿತು. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು ಚಾಲೂ ಆದಾಗ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮ ಬಂತು. ಗುರಿಯನ್ನು ಒಂದು ಡಿಗ್ರಿ ಏರಿಸಿದರೆ ವಿದ್ಯುತ್ತಿನಲ್ಲಿ ಸುಮಾರು ನೂರಕ್ಕೆ 6ರಷ್ಟು ಉಳಿತಾಯ ಎಂಬುದು ವಿದ್ಯುತ್ ಸಚಿವಾಲಯದ ಅಂದಾಜು. ಪಂಖಾ ತಿರುಗುತ್ತಿದ್ದರೆ 27ರಲ್ಲಿ ನಮ್ಮವರು ದೂರುವುದಿಲ್ಲ ಎಂಬುದು ನನ್ನ ಅನುಭವ.

ಕನ್ನಡಕ ತೆಗೆದುಕೊಂಡ ಮರುದಿನ ನಾನು ಆ ಕಚೇರಿಗೆ ಮತ್ತೆ ಹೋದೆ. ನನ್ನ ಕೆಲಸವೂ ಮುಗಿದಿರಲಿಲ್ಲ, ಕಾವಲುಗಾರನ ಪ್ರಶ್ನೆಯೂ ಕೊರೆಯುತ್ತಿತ್ತು. ಕಟ್ಟಡ ಕಟ್ಟಿದವರು ಬಿಟ್ಟುಹೋದ ಕೈಪಿಡಿಯನ್ನು ಗುಮಾಸ್ತರು ಕಪಾಟಿನ ತಳದಿಂದ ಹುಡುಕಿ ತೆಗೆದರು; ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಮೇಲಧಿಕಾರಿಗಳ ಒಪ್ಪಿಗೆ ಪಡೆದು ಇಬ್ಬರೂ ಸೇರಿ ವೇಳೆಯನ್ನು 8ರಿಂದ 1.30ಕ್ಕೆ ಬದಲಿಸಿದೆವು, ಬಳಕೆಯ 23ನ್ನು 26 ಮಾಡಿದೆವು, ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಪಂಖಾಗಳನ್ನು ಹಾಕಿಸಿದೆವು. ಇಪ್ಪತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ಜೂನ್ ಒಂದಕ್ಕೆ ಹಳೆಯ ವೇಳೆಗೆ ತಿರುಗಿಸಬೇಕೆಂದು ಗುಮಾಸ್ತರು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದರು.

ಜುಲೈ ತಿಂಗಳಲ್ಲಿ ಅದೇ ದಾರಿಯಲ್ಲಿ ಬಂದಾಗ ಒಳಗೆ ಇಣುಕಿದೆ. ಗುಮಾಸ್ತರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮಧ್ಯಾಹ್ನ ಎರಡು ಗಂಟೆ, ಹಾಲ್ ತುಂಬ ಜನ, ಮಳೆಗಾಲದ ಧಗೆ. ಕಚೇರಿ 1.30ಕ್ಕೇ ಖಾಲಿಯಾಯಿತೆಂದು ನಂಬಿ ಯಂತ್ರ ಆರಿತ್ತು.